ತೇಪೆಯ ಮೇಲಿನ ಶಾಯಿ

“ಹರ್ಮಿಸ್ ಅಂದ್ರೆ ಯಾರು ಗೊತ್ತಾ ನಿಮಗೆ? ಬಿಡಿ, ಓದು ತಲೆಗೆ ಹತ್ತಿದ್ರೆ ಈ ಖಾಕಿ ಯಾಕೆ ಹಾಕ್ಕೋತಿದ್ರಿ?”

ಗ್ರಂಥಾಲಯದ ನಿರ್ದೇಶಕರು ಹೀಗೆಂದದ್ದು ಮಾರ್ಚ್ 4ರ ಸೋಮವಾರ ಬೆಳಗ್ಗೆ 10.20ಕ್ಕೆ, ಠಾಣೆಯ ಹಾಲ್‌ನಲ್ಲಿ, ಎಲ್ಲರೆದುರು. ಬೆಂಚಿನ ಮೇಲಿದ್ದ ಜೇಬುಗಳ್ಳ ಕಿಸಕ್ಕೆಂದ. ಕಾನ್‌ಸ್ಟೇಬಲ್ ಆಗಿ ಸೇರಿ ಮೇಲೆ ಬಂದಿದ್ದ ಇನ್ಸ್‌ಪೆಕ್ಟರ್ ಕಿವಿಯ ತುದಿಯವರೆಗೂ ಕೆಂಪಾದ.

ದೂರು ಇಷ್ಟು. ಹರ್ಮಿಸ್ ಎಂಬ ಪುರಾತನ ಜ್ಞಾನಿಯ ಹೆಸರಿನಲ್ಲಿ ದೇವರು, ಆತ್ಮ, ನಕ್ಷತ್ರಗಳ ಕುರಿತು ಗ್ರೀಕ್ ಭಾಷೆಯ ಸಂವಾದಗಳಿವೆ. ಅವು ಈಜಿಪ್ಟಿನ ಹಳೆಯ ಅರಸರ ಕಾಲದವೆಂದು ಬಹಳ ದಿನ ಎಲ್ಲರೂ ನಂಬಿದ್ದರು. ಕ್ರಿಸ್ತನ ನಂತರ ಬರೆದವೆಂದು ಪಂಡಿತರು ನಾನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟರು. ನಿರ್ದೇಶಕರು ಮಾತ್ರ ಜಗ್ಗಿರಲಿಲ್ಲ. ಹೋದ ವರ್ಷ ಗ್ರಂಥಾಲಯದ ಐನೂರು ವರ್ಷ ಹಳೆಯ ಹಸ್ತಪ್ರತಿಯೊಂದರೊಳಗೆ, ‘ದೇವಾಲಯದ ಕಲ್ಲಿನ ಮೇಲಿದ್ದುದನ್ನು ಇಳಿಸಿಕೊಂಡೆವು’ ಎನ್ನುವ ಗ್ರೀಕ್ ಬರಹದ ಬಿಡಿ ಹಾಳೆ ಸಿಕ್ಕಿತು. ಸಂವಾದಗಳು ಪುರಾತನವೇ ಎನ್ನಲು ಅದೇ ಸಾಕ್ಷಿಯೆಂದು ನೆಚ್ಚಿ ಅವರು ಪುಸ್ತಕ ಬರೆದರು, ಸನ್ಮಾನ ಮಾಡಿಸಿಕೊಂಡರು. ಈಗ ಪ್ರಯೋಗಾಲಯದಿಂದ ಪತ್ರ ಬಂದಿದೆ: ಹಾಳೆ ಹಳೆಯದು, ಶಾಯಿ ಹೊಸದು.

“ಯಾರ ಮೇಲೆ ಅನುಮಾನ?”

“ಕಪಾಟಿನ ಬೀಗದ ಕೈ ದಾಖಲೆ ಕೋಣೆ ಹುಡುಗಿ ಹತ್ರ ಇರುತ್ತೆ. ತನಿಖೇನೂ ನಾನೇ ಮಾಡ್ಬೇಕಾ?”

“ಸಾರ್, ಸದ್ಯಕ್ಕೆ ಹೆಸರು ಖಾಲಿ ಬಿಡೋಣ್ವಾ?” ಎಂದು ಹೆಡ್ ಕಾನ್‌ಸ್ಟೇಬಲ್ ಪಿಸುಗುಟ್ಟಿದ. ಬಿಡಬಹುದಿತ್ತು. ಆದರೆ ಇನ್ಸ್‌ಪೆಕ್ಟರ್‌ಗೆ, ತನಗೂ ಕೆಲಸ ಬರುತ್ತದೆಂದು ಆ ದೊಡ್ಡ ಮನುಷ್ಯನ ಮುಖಕ್ಕೆ ಅಲ್ಲೇ, ಆಗಲೇ ತೋರಿಸಬೇಕಿತ್ತು. 10.50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಅವಳ ಹೆಸರು. ಊಟದ ಹೊತ್ತಿಗೆ ಅವಳ ಅಮಾನತ್ತಿನ ಆದೇಶವೂ ಹೊರಟಿತು.

ಮಾರ್ಚ್ 5, ಬೆಳಗ್ಗೆ 9.30. ಅವಳು ಅಣ್ಣನ ಜೊತೆ ಬಂದಳು.

“ಗ್ರೀಕ್ ಬರೆಯೋಕೆ ಬರುತ್ತಾ?”

“ನನ್ನ ಕೈಬರಹ ನನಗೇ ಓದೋಕಾಗಲ್ಲ ಸಾರ್.”

“ಬೀಗದ ಕೈ ಬೇರೆ ಯಾರಿಗೆ ಕೊಡ್ತೀಯ?”

“ನಿರ್ದೇಶಕರು ಕೇಳಿದ್ರೆ ಅವರಿಗೆ. ಹರಿದ ಹಾಳೆ ದುರಸ್ತಿ ಇದ್ರೆ ತೇಪೆ ಹಾಕೋ ಗೋಂದಜ್ಜನಿಗೆ.”

ಎದ್ದು ಹೊರಡುವಾಗ ಅವಳ ಅಣ್ಣ ಮೇಜಿನ ಮೇಲೆ ಎರಡೂ ಕೈಯೂರಿದ. “ಆರು ವರ್ಷದಿಂದ ದಿನಗೂಲಿ ಸಾರ್ ಇವಳು. ನಾಳೆ ಕಾಯಂ ಮಾಡೋ ಪಟ್ಟಿ ಹೋಗುತ್ತೆ. ಕೇಸಿದ್ರೆ ಸೇರಿಸಲ್ಲ. ಏನಾದ್ರೂ ಮಾಡಿ.”

“ತನಿಖೆ ನಡೀತಿದೆ” ಎಂದ ಇನ್ಸ್‌ಪೆಕ್ಟರ್.

ಮಾರ್ಚ್ 6, ಬೆಳಗ್ಗೆ 11.15. ಇಬ್ಬರು ಪಂಚರ ಸಮಕ್ಷಮ ದಾಖಲೆ ಕೋಣೆಯಲ್ಲಿ ಪಂಚನಾಮೆ. ಇನ್ಸ್‌ಪೆಕ್ಟರ್ ಭೂತಗನ್ನಡಿ ಹಿಡಿದು ಹಾಳೆಯ ಮೇಲೆ ಬಗ್ಗಿದ. ಓದೋಕೆ ಬಾರದ ಲಿಪಿ, ನೋಡೋಕೆ ಬರುತ್ತಿತ್ತು. ಮೂಲೆಯಲ್ಲಿ ಒಂದು ಹರುಕು. ಅದಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹೊಸ ಕಾಗದದ ತೇಪೆ. ಅಕ್ಷರಗಳು ತೇಪೆಯ ಕೆಳಗೆ ಹೋಗಿರಲಿಲ್ಲ, ಅದರ ಮೇಲೆಯೇ ಹಾದಿದ್ದವು.

“ಹಾಳೆಗೆ ಮೊದಲು ತೇಪೆ, ಆಮೇಲೆ ಐನೂರು ವರ್ಷದ ಹಿಂದಿನ ಬರಹ! ಮದುವೆಗೆ ಮುಂಚೆ ಮೊಮ್ಮಗ ಹುಟ್ಟಿದಂಗಿದೆ ಸಾರ್” ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ನಗಲಿಲ್ಲ. ಆ ತೇಪೆಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿರಲಿಲ್ಲ; ಒದ್ದೆ ಕುಂಚದಿಂದ ಗೆರೆಯೆಳೆದು ಹರಿದಿದ್ದರು. ನಾರು ನಾರಾಗಿ ಹತ್ತಿಯಂತೆ ಹಾಳೆಯೊಳಗೆ ಕರಗಿಹೋಗಿತ್ತು. ಎದುರಿನ ದುರಸ್ತಿ ಕೋಣೆಗೆ ಹೋದರೆ ಅಲ್ಲಿ ಒಣಗಲು ಹರವಿದ್ದ ಪ್ರತಿ ಹಾಳೆಯಲ್ಲೂ ಅದೇ ಅಂಚು.

ಗೋಂದಜ್ಜ ಅಂಟು ಕಲಸುತ್ತಿದ್ದ. ಅರವತ್ತರ ಹತ್ತಿರದ ಮುದುಕ. ಅದೇ ಕೋಣೆಯಲ್ಲಿ ನಲವತ್ತು ವರ್ಷ ಸವೆಸಿದವನು.

“ಹೀಗೆ ತೇಪೆ ಹಾಕೋರು ಇಲ್ಲಿ ಇನ್ಯಾರಿದ್ದಾರೆ, ಅಜ್ಜ?”

“ಯಾರೂ ಇಲ್ಲಪ್ಪ.”

“ಬರೆದ ಮೇಲೆ ಅಂಟಿಸ್ಬೇಕಿತ್ತು.”

“ಹರಿದ ಹಾಳೆ ಮೇಲೆ ಕೈ ಓಡಲಿಲ್ಲ. ಹರುಕು ಕಂಡ್ರೆ ಮುಚ್ಚೋ ಕೈ ಇದು. ಮುಚ್ಚಿದ ಮೇಲೇ ಬರೆದೆ.”

“ಗ್ರೀಕ್ ಎಲ್ಲಿ ಕಲಿತೆ?”

“ಕಲ್ತಿಲ್ಲ. ನಿರ್ದೇಶಕ ಸಾಹೇಬರ ಹತ್ರ ಇರೋ ಹಳೇ ಪುಸ್ತಕದಲ್ಲಿ ಎಡಕ್ಕೆ ಗ್ರೀಕ್, ಬಲಕ್ಕೆ ಅರ್ಥ ಇದೆ. ಅವರಿಗೆ ಬೇಕಾದ ಮಾತುಗಳನ್ನ ಅಲ್ಲಿಂದಿಲ್ಲಿಂದ ಆರಿಸಿ ಇಳಿಸಿದೆ.”

“ಯಾಕೆ?”

ಮುದುಕ ಕುಂಚವನ್ನು ನೀರಿಗೆ ಅದ್ದಿಟ್ಟ. “ಊಟದ ಬಿಡುವಲ್ಲಿ ನಾನೂ ಓದ್ತೀನಪ್ಪ. ಈ ಹರ್ಮಿಸ್ ಮಾತುಗಳು ಅಷ್ಟು ಹಳೇವಲ್ವಂತಲ್ಲ ಸಾರ್ ಅಂತ ಒಂದಿನ ಕೇಳಿಬಿಟ್ಟೆ. ಬಂದಿದ್ದ ಅತಿಥಿಗಳ ಮುಂದೆ, ‘ಐದನೇ ಕ್ಲಾಸಿಗೇ ಗಂಟುಮೂಟೆ ಕಟ್ಟಿದೋನು ನೀನು, ಅಂಟು ಕಲಸು ಹೋಗು’ ಅಂದ್ರು. ಓದಿದೋರ ಕಣ್ಣು ಎಷ್ಟು ದೊಡ್ಡದು ನೋಡೋಣ ಅಂತ ಹಾಳೆ ಇಟ್ಟೆ. ಎರಡು ದಿನದಲ್ಲಿ ಹಿಡೀತಾರೆ, ಬೈಸಿಕೊಂಡು ಸುಮ್ನಾಗ್ತೀನಿ ಅಂದ್ಕೊಂಡೆ. ಪುಸ್ತಕಾನೇ ಬರೆದುಬಿಟ್ರು.”

“ಹುಡುಗಿ ಸಸ್ಪೆಂಡಾದಾಗ?”

“ಮೊನ್ನೆಯೂ ಬಂದೆ, ನಿನ್ನೆಯೂ ಬಂದೆ. ನಿಮ್ಮ ಠಾಣೆ ಬಾಗಿಲಲ್ಲಿ ಕಾಲೇ ಏಳಲಿಲ್ಲ. ಅವಳು ನನ್ನನ್ನ ದೊಡ್ಡಪ್ಪ ಅಂತ ಕರೀತಾಳೆ ಕಣಪ್ಪ.”

ಬಂಧನದ ಸಮಯ 12.40. ಬಿಸಾಡಿದ್ದ ಹಳೆಯ ಪುಸ್ತಕವೊಂದರ ಕೊನೆಯಿಂದ ಖಾಲಿ ಹಾಳೆ ಕಿತ್ತದ್ದಾಗಿ ಅಜ್ಜ ಹೇಳಿಕೆಯಲ್ಲಿ ಬರೆಸಿದ. ಅವಮಾನಕ್ಕೆ ಉತ್ತರ ಕೊಡಹೋದೆ, ಅದು ಬೇರೊಬ್ಬರ ಮನೆ ಬಾಗಿಲಿಗೆ ಹೋಯಿತು ಎಂದೂ ಸೇರಿಸಿ ಸಹಿ ಮಾಡಿದ.

ಮಾರ್ಚ್ 7, ಮಧ್ಯಾಹ್ನ 3.00. ಅವಳ ಹೆಸರು ಕೈಬಿಟ್ಟ ವರದಿಯ ಪ್ರತಿ ಹಿಡಿದು ಇನ್ಸ್‌ಪೆಕ್ಟರ್ ತಾನೇ ಗ್ರಂಥಾಲಯಕ್ಕೆ ಹೋದ. ಅಮಾನತ್ತು ರದ್ದಾಗಿತ್ತು. ಕಾಯಂ ಪಟ್ಟಿ ಹಿಂದಿನ ದಿನ ಬೆಳಗ್ಗೆಯೇ ಹೊರಟುಹೋಗಿತ್ತು, ಅವಳನ್ನು ಬಿಟ್ಟು. ಮುಂದಿನ ಪಟ್ಟಿ ಯಾವಾಗಲೋ ಯಾರಿಗೂ ತಿಳಿಯದು.

ಅವಳು ಕಾಗದವನ್ನು ಎರಡು ಸಲ ಓದಿ ಮಡಿಸಿದಳು.

“ದೊಡ್ಡಪ್ಪ ಯಾಕೆ ಹಂಗೆ ಮಾಡಿದ್ರು ಅಂತ ಗೊತ್ತಾಯ್ತು ಸಾರ್. ಅವತ್ತು ನೀವ್ಯಾಕೆ ಅಷ್ಟು ಅರ್ಜೆಂಟಾಗಿ ನನ್ನ ಹೆಸರು ಬರೆದ್ರಿ? ಅದೊಂದು ಹೇಳಿ.”

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡ. ಕಪಾಟುಗಳ ನಡುವಿನ ಉದ್ದನೆಯ ಓಣಿಯಲ್ಲಿ ನಡೆದು, ಮೆಟ್ಟಿಲಿಳಿದು, ಜೀಪಿನತ್ತ ಹೋದ.