ಹೊಸ್ತಿಲಿಲ್ಲದ ಬಚ್ಚಲುಮನೆ

ಮನೆ ನೋಡಲು ಬಂದ ಹೆಣ್ಣು, ಕಾಫಿ ಲೋಟ ಮುಟ್ಟುವ ಮೊದಲೇ, ಬಚ್ಚಲುಮನೆ ಎಲ್ಲಿ ಎಂದು ಕೇಳಿದಳು.

ಗಂಡಿನ ತಾಯಿ ಬೆಳ್ಳಮ್ಮ ಪಾಪ, ಅರ್ಜೆಂಟಿರಬೇಕು ಅಂದುಕೊಂಡರು. "ಅಲ್ಲೇ ಐತೆ ಕಣವ್ವ. ತಡಿ, ನನ್ ಮಗ ಎತ್ಕೊಂಡೋಯ್ತಾನೆ."

"ಅರ್ಜೆಂಟೇನಿಲ್ಲಮ್ಮ," ಎಂದಳು ಗಾಲಿಕುರ್ಚಿಯಲ್ಲಿ ಕೂತಿದ್ದ ಶಶಿರೇಖಾ. "ನಾನು ನೋಡಕ್ ಬಂದಿರೋದೇ ಅದನ್ನ."

ಅಣ್ಣ ಸಿದ್ದರಾಜು ಬಿಸ್ಕತ್ತು ಕಚ್ಚಿಕೊಂಡೇ ತಲೆ ತಗ್ಗಿಸಿದ. ತಂಗಿ ಎಲ್ಲ ಮನೆಗಳಲ್ಲೂ ಹೀಗೇ ಮಾಡಿದ್ದಳು.

ಶಶಿರೇಖಾ ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಕಾಲೇಜಿಗೆ ಹೋಗುವಾಗ ಬಸ್ಸಿನಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಕಾಲುಗಳು ಮತ್ತೆ ಏಳಲಿಲ್ಲ. ಅದಕ್ಕೆ ಅವಳು ಹೊಂದಿಕೊಂಡಿದ್ದಳು. ಹೊಂದಿಕೊಳ್ಳಲಾಗದ್ದು ತಮ್ಮ ಬಾಡಿಗೆ ಮನೆಯ ಬಚ್ಚಲ ಬಾಗಿಲಲ್ಲಿ ನೀರು ತಡೆಯಲು ಕಟ್ಟಿದ್ದ ಗೇಣೆತ್ತರದ ಕಟ್ಟೆಗೆ. ಅದನ್ನು ದಾಟಿಸಲು ದಿನಾ ಅಮ್ಮ ಒಂದು ಕಡೆ, ಅಣ್ಣ ಒಂದು ಕಡೆ ಹಿಡಿದು ಎತ್ತಬೇಕು. ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬಳೇ ಸ್ನಾನ ಮಾಡಿ ವರ್ಷಗಳಾಗಿದ್ದವು. ಮದುವೆಯಿಂದ ಅದೊಂದು ಸಿಗದಿದ್ದರೆ ಎತ್ತುವವರು ಬದಲಾಗುತ್ತಾರೆ, ಅಷ್ಟೆ. ಹಿಂದೆ ನೋಡಿದ ಗಂಡುಗಳೆಲ್ಲ ಹೂವಿನ ಹಾಗೆ ಎತ್ತಿಕೊಳ್ಳುತ್ತೇನೆ ಎಂದವರೇ. ಅರವತ್ತು ಕೆಜಿ ಹೂವು.

"ಬನ್ನಿ ಮೇಡಂ, ತೋರಿಸ್ತೀನಿ," ಎಂದು ಮಹದೇವು ಎದ್ದ. ಚಿಕ್ಕರಸಿನಕೆರೆಯ ನೀರುಗಂಟಿ ಅವನು. ನಾಲೆಯ ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವ ಕೆಲಸ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಕಿವಿಯ ಹಿಂದೆ ಒಣಗಿದ ಸಿಮೆಂಟು ಮಾತ್ರ ಹಾಗೇ ಇತ್ತು. ಅದು ಶಶಿರೇಖಾಳ ಕಣ್ಣಿಗೆ ಬಿತ್ತು. ಶರ್ಟಿಗಿಂತ ಸಿಮೆಂಟೇ ಚೆನ್ನಾಗಿದೆ ಅನ್ನಿಸಿತು.

ಬಚ್ಚಲುಮನೆಗೆ ಕಟ್ಟೆ ಇರಲಿಲ್ಲ. ಹಾಲ್‌ನ ನೆಲವೇ ಒಳಗೆ ಮುಂದುವರಿದಿತ್ತು. ಗಾಲಿ ಎಲ್ಲೂ ಕುಲುಕದೆ ಒಳಕ್ಕೆ ಉರುಳಿತು.

"ಯಾರ್ ಹೇಳಿದ್ರು ನಿಮಗೆ?"

"ನಿಮ್ಮಣ್ಣನೇ. ನಮ್ ತಂಗಿ ಬಚ್ಚಲು ನೋಡಿ ಗಂಡು ಒಪ್ಕೊಳ್ಳೋದು ಅಂದ್ರು. ಹಳೇದು ಒಡೆದಾಕಿ ಹೊಸದಾಗಿ ಮಾಡ್ಸ್‌ದೆ."

ಅವಳು ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಅವನು ನಲ್ಲಿಯನ್ನು ನೋಡುತ್ತ ನಿಂತ.

"ನೋಡೇಬುಡಣ," ಎಂದು ಅವಳು ಶವರ್ ತಿರುಗಿಸಿದಳು.

ನೀರು ನೆಲದ ತುಂಬ ಸಮನಾಗಿ ಹರಡಿತು. ಕಿಂಡಿಯ ಕಡೆಗೂ ಹೋಯಿತು, ಬಾಗಿಲ ಕಡೆಗೂ ಬಂತು. ಬಂದದ್ದು ನಿಲ್ಲಲಿಲ್ಲ. ಹಾಲ್ ದಾಟಿ ಸಿದ್ದರಾಜುವಿನ ಪಾದ ಮುಟ್ಟಿತು.

"ನಿನ್ ಮನೆ ಕಾಯೋಗ!" ಬೆಳ್ಳಮ್ಮ ಚಾಪೆ ಎತ್ತಿಕೊಂಡು ಕೂಗಿದರು. "ಊರ್‌ಗೆಲ್ಲಾ ನೀರ್ ಬುಡೋನು ಮನೆ ಒಳಿಕ್ಕೂ ಬುಟ್ಟಲ್ಲೋ!"

"ವಾಟ ಕೊಡ್ಸಿಲ್ವೇನ್ರೀ?" ಶಶಿರೇಖಾ ಕೇಳಿದಳು.

"ಇಳಿಜಾರಿದ್ರೆ ನಿಮ್ ಗಾಡಿ ಜಾರ್ತದೆ ಅಂತ... ನಾಟಿ ಗದ್ದೆ ಥರ ಮಟ್ಟ ಮಾಡ್ಸ್‌ಬುಟ್ಟೆ."

"ಗಾಡಿಗೆ ಬ್ರೇಕ್ ಅದೆ ಕಣ್ರೀ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅಷ್ಟರಲ್ಲಿ ಅವಳ ಸೀರೆಯ ಅಂಚು ನೆನೆಯುತ್ತಿರುವುದು ಕಂಡು, "ತಡೀರಿ, ಎತ್ಕೋತೀನಿ" ಎಂದು ಬಗ್ಗಿದ.

"ಕೈ ತೆಗೀರಿ."

ನಗು ಹೋಗಿತ್ತು. "ನನ್ ಗಾಡಿ ಜಾರ್ತದಾ ಇಲ್ವಾ ಅಂತ ನನ್ನೇ ಒಂದ್ ಮಾತು ಕೇಳ್ಬೋದಿತ್ತು. ಈಗ ಎತ್ಲಾ ಅಂತಾನೂ ಕೇಳ್ಲಿಲ್ಲ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಗಾಲಿ ತಿರುಗಿಸಿ ನೀರಲ್ಲೇ ಹೊರಬಂದಳು. ಆರಿದ ಕಾಫಿ ಕುಡಿದು ಅಣ್ಣ ತಂಗಿ ಹೊರಟರು.

ಮರುದಿನ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು: ಒಡೆದ ಟೈಲ್ಸಿನ ರಾಶಿ. ಕೆಳಗೆ, "ಕಿತ್ತಾಕ್ದೆ. ಈಗ ಕೇಳ್ತಾ ಇದೀನಿ. ನಲ್ಲಿ ಎಷ್ಟೆತ್ತರಕ್ಕೆ ಬೇಕು?"

ಉತ್ತರ ಕೊಡಬಾರದು ಅಂದುಕೊಂಡಳು. ಆದರೆ ಪ್ರಶ್ನೆ ಸರಿಯಾಗಿತ್ತು. ಕೊಟ್ಟಳು.

ಆಮೇಲೆ ದಿನಾ ಒಂದೊಂದು ಪ್ರಶ್ನೆ. ಹಿಡಿಕೆ ಎಡಕ್ಕೋ ಬಲಕ್ಕೋ? ಚಿಲಕ ಕೈಗೆ ಸಿಗ್ತದಾ? ಬೇರೆ ಗಂಡುಗಳು ಗುಲಾಬಿಯ ಫೋಟೊ ಕಳಿಸುತ್ತಾರೆ. ಇವನು ನೀರು ಹೋಗುವ ಉದ್ದನೆಯ ಜಾಲರಿಯ ಫೋಟೊ ಕಳಿಸಿದ. ಅವಳು ಅದನ್ನು ಎರಡು ಸಲ ದೊಡ್ಡದು ಮಾಡಿ ನೋಡಿದಳು.

"ವಾಟ ಎಷ್ಟಿರ್ಲಿ?" ಎಂದು ಕೇಳಿದ್ದ.

"ನೀರಿಗೆ ಗೊತ್ತಾಗ್ಬೇಕು. ಗಾಡಿಗೆ ಗೊತ್ತಾಗ್ಬಾರದು."

"ಮನುಷ್ಯನಿಗೆ?"

"ಮನುಷ್ಯ ಟೈಲ್ಸ್ ಕಡೆ ಗಮನ ಕೊಡ್ಲಿ."

ಕಳಿಸಿ ಫೋನು ಕವುಚಿ ಹಾಕಿದಳು. ತಿದ್ದುತ್ತಿದ್ದ ಪೇಪರಿನಲ್ಲಿ ತಪ್ಪು ಲೆಕ್ಕವೊಂದಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟುಬಿಟ್ಟಿದ್ದಳು.

ಕೆಲಸ ಮುಗಿದ ಭಾನುವಾರ ಅವಳು ಅಣ್ಣನನ್ನು ಕರೆದುಕೊಂಡು, ಟವೆಲ್ಲು, ಸೋಪು, ಜೊತೆಗೆ ಸ್ನಾನಕ್ಕೆಂದು ಕೊಂಡು ಒಮ್ಮೆಯೂ ಬಳಸಿರದ ಪ್ಲಾಸ್ಟಿಕ್ ಗಾಲಿಕುರ್ಚಿಯ ಸಮೇತ ಬಂದಳು.

ಬೆಳ್ಳಮ್ಮನಿಗೆ ದಿಗಿಲಾಯಿತು. "ಮದ್ವೆಗ್ ಮುಂಚೆ ಗಂಡಿನ್ ಮನೇಲಿ ಸ್ನಾನವಾ? ಊರೋರು ಯೋನಂದಾರವ್ವ?"

"ಮದ್ವೆ ಆದ್ಮೇಲೆ ಹಾಲ್‌ಗೆ ನೀರ್ ಬಂದ್ರೆ ಊರೋರು ಒರೆಸ್ತಾರಾ ಅಮ್ಮ?"

ಬೆಳ್ಳಮ್ಮ ಯೋಚಿಸಿದರು. "ಅದೂ ದಿಟವೇ. ಲೇ ಮಾದೇವು, ಗೀಸರ್ ಆಕ್ಲಾ."

ಶಶಿರೇಖಾ ಪ್ಲಾಸ್ಟಿಕ್ ಕುರ್ಚಿಗೆ ಜರುಗಿ ಒಳಗೆ ಉರುಳಿ ಬಾಗಿಲು ಮುಚ್ಚಿದಳು. ಚಿಲಕ ಕೂತಲ್ಲೇ ಕೈಗೆ ಸಿಕ್ಕಿತು. ಹಾಕಿದಳು. ಆ ಸಣ್ಣ ಶಬ್ದ ಕೇಳಲೆಂದೇ ತೆಗೆದು ಇನ್ನೊಮ್ಮೆ ಹಾಕಿದಳು.

ಈ ಸಲದ ಟೈಲ್ಸು ಚಿಕ್ಕವು, ಒರಟು. ಮೈಮೇಲಿಂದ ಇಳಿದ ನೀರು ತಡವರಿಸದೆ ಹಿಂದಿನ ಗೋಡೆಯ ಜಾಲರಿಗೆ ಹೋಯಿತು. ಕುರ್ಚಿ ಕದಲಲಿಲ್ಲ. ಬಾಗಿಲ ಕೆಳಗೆ ಬೆರಳಗಲದ ಸಂದಿಯಿತ್ತು; ಅಲ್ಲಿಂದ ಹಾಲ್‌ನ ಬೆಳಕು ಒಣ ನೆಲದ ಮೇಲೆ ಗೆರೆಯಂತೆ ಬಿದ್ದಿತ್ತು.

ಸೋಪಿಗೆ ಕೈ ಚಾಚಿದಾಗ ಮೊಣಕೈ ತಗುಲಿ ಸ್ಟೀಲಿನ ಚೊಂಬು ಧಡಾರನೆ ಬಿತ್ತು.

"ಬಿದ್ಲು ಕಣ್ಲಾ!" ಹೊರಗೆ ಬೆಳ್ಳಮ್ಮನ ಚೀರಾಟ. "ಓಗ್ಲಾ! ಬಾಗ್ಲು ಒದೀಲಾ!"

ಓಡಿಬಂದ ಹೆಜ್ಜೆ. ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು.

ಶಶಿರೇಖಾ ಬಾಗಿಲ ಕಡೆ ನೋಡಿದಳು. ಸಣ್ಣ ಚಿಲಕ. ಒಂದು ಭುಜದೇಟು ಸಾಕು. ಅವನು ಒಳ್ಳೆಯವನೇ, ಒಳ್ಳೆಯ ಮನಸ್ಸಿನಿಂದಲೇ ಒದೆಯುತ್ತಾನೆ. ಒದ್ದರೆ ಅಲ್ಲಿಗೆ ಮುಗಿಯಿತು.

ನೆರಳು ನಿಂತಿತು.

"ಶಶಿರೇಖಾ." ಹೆಸರು ಹಿಡಿದು ಕರೆದದ್ದು ಅದೇ ಮೊದಲು. ದನಿ ನಡುಗುತ್ತಿತ್ತು. "ಬರ್ಲಾ, ಬೇಡ್ವಾ?"

"ಬೇಡ. ಚೊಂಬು ಬಿದ್ದಿದ್ದು."

"ಸರಿ."

ನೆರಳು ಸರಿದುಹೋಯಿತು. "ಯೋನ್ ಕಲ್ಲೆದೆಯೋ ನಿಂದು!" ಎಂದು ಬೆಳ್ಳಮ್ಮ ಬೈದರು. "ಬೇಡ ಅಂದವ್ಳೆ ಕಣವ್ವ. ಕೂತ್ಕೊ ನೀನು," ಎಂದ ಮಹದೇವು.

ಅವಳು ಇನ್ನೊಮ್ಮೆ ಶವರ್ ಪೂರ್ತಿ ತಿರುಗಿಸಿದಳು. ತಲೆಗೆ ನೀರು ಹಾಕಿಕೊಳ್ಳುವ ಯೋಚನೆ ಇರಲಿಲ್ಲ, ಆದರೂ ಜಡೆ ಬಿಚ್ಚಿದಳು.

"ಮಹದೇವು, ಕೇಳ್ತಾ ಇದ್ಯಾ?"

"ಹೂಂ," ಎಂಬ ಉತ್ತರ ತಕ್ಷಣ ಬಂತು.

"ಹಾಲ್‌ಗೆ ನೀರ್ ಬಂತಾ?"

"ಒಂದ್ ತೊಟ್ಟೂ ಇಲ್ಲ."

"ಹಂಗಾದ್ರೆ ನಮ್ಮಣ್ಣನ ಹತ್ರ ಮದ್ವೆ ಮಾತಾಡ್ತಾ ಇರಿ," ಎಂದು ಕೂಗಿ ಹೇಳಿದಳು. "ನಾನು ಈಗ್ಲೇ ಬರಲ್ಲ."