ತಿರುವಿನ ಹೊರಬದಿ

ಪಂಕ್ಚರ್ ತೇಪೆಯ ರಬ್ಬರ್ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳು ಮತ್ತೆ ಏಳು ವರ್ಷದ ಹುಡುಗಿ. ಅಪ್ಪನ ಸೈಕಲ್ ಅಂಗಡಿ, ನೀರಿನಲ್ಲಿ ಗುಳುಗುಳು ಎನ್ನುವ ಟ್ಯೂಬು, "ಮುಟ್ಟಬೇಡ ಪುಟ್ಟೀ, ಒಣಗಲಿ" ಎನ್ನುವ ದನಿ...

ಒಂಟಿ ಸೈಕಲ್ ಪಯಣದ ಒಂಬತ್ತನೆಯ ಬೆಳಿಗ್ಗೆ, ಬೆಟ್ಟದ ಬುಡದಲ್ಲಿ ಕೂತು ಟ್ಯೂಬಿಗೆ ತೇಪೆ ಹಚ್ಚುತ್ತ ಅವಳು ಅದೇ ವಾಸನೆಯಲ್ಲಿ ಮುಳುಗಿದ್ದಳು.

"ಪಂಪು ನಾನು ಹಿಡ್ಕೊಳ್ಳಲಾ?"

ಅವಳು ತಟ್ಟನೆ ತಲೆಯೆತ್ತಿದಳು. ಆ ದನಿ!

ಅವನೇ. ಬರುವ ತಿಂಗಳು ಅವಳನ್ನು ಮದುವೆಯಾಗಬೇಕಿದ್ದವನು. ರಸ್ತೆ ಅಳೆಯುವ ಸರ್ವೇಯರ್. ತಲೆಗೆ ಹಳದಿ ಟೊಪ್ಪಿ, ಮೈಯೆಲ್ಲ ಧೂಳು.

"ನನ್ನ ಹಿಂದೇನೇ ಬಂದ್ಯಾ? ಒಬ್ಬಳೇ ಹೋಗ್ತೀನಿ ಅಂತ ಎಷ್ಟು ಸಲ ಬಡ್ಕೊಂಡೆ!"

"ಇಲ್ಲಿ ರಸ್ತೆ ಕೆಲಸ ಕಣೇ. ಬಂದು ಮೂರು ವಾರ ಆಯ್ತು. ಹೇಳಿದ್ರೆ ನೀನು ದಾರೀನೇ ಬದಲಾಯಿಸ್ತಿದ್ದೆ."

ಅವಳು ನಂಬಲಿಲ್ಲ. 'ಇವನು ಯಾವತ್ತು ನನ್ನ ಮಾತು ಕಿವಿಗೆ ಹಾಕಿಕೊಂಡಿದ್ದಾನೆ? ಸಂಜೆಯೆಲ್ಲ ನಾನು ಸೈಕಲ್ಲಿನ ಬಗ್ಗೆ ಹೇಳುತ್ತಿದ್ದರೆ, ನಕಾಶೆಯಲ್ಲಿ ಮುಖ ಹುದುಗಿಸಿ ಬರೀ "ಹೂಂ". ಗೋಡೆಗೆ ಹೇಳಿದರೂ ಒಂದೇ! ಇಂಥವನ ಜೊತೆ ಇಡೀ ಬಾಳು...?'

"ಮೇಲೆ ತಲುಪೋವರೆಗೂ ಹತ್ತಿರ ಬರಬೇಡ. ಮದುವೆ ಬೇಕಾ ಬೇಡ್ವಾ, ಅಲ್ಲೇ ಹೇಳ್ತೀನಿ."

"ಆಯ್ತು" ಎಂದು ಅವನು ಲಾರಿ ಹತ್ತಿ ಹೋಗಿಬಿಟ್ಟ.

ಏರು ಶುರುವಾಯಿತು. ತೊಡೆಗಳು ಉರಿದವು. ಆದರೆ, ಅಬ್ಬಾ... ಆ ನೋಟ! ಕಣಿವೆ ಅಂಗೈಯಷ್ಟಾಯಿತು. ಮೋಡಗಳು ಕಾಲ ಕೆಳಗೆ ಮೇಯುತ್ತಿದ್ದವು. ಇಷ್ಟು ವರ್ಷ ಹದ್ದಿನ ಹೊಟ್ಟೆಯನ್ನಷ್ಟೇ ಕಂಡಿದ್ದವಳು, ಮೊದಲ ಸಲ ಅದರ ಬೆನ್ನು ಕಂಡಳು! ಉಸಿರು ಬಿಡಲೂ ಸಂಕೋಚವಾಗುವಂಥ ಮೌನ.

ಮೂರನೆಯ ತಿರುವಿನಲ್ಲಿ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ರಸ್ತೆ ತುಂಬ ಜಲ್ಲಿ ಚೆಲ್ಲಿದೆ. ಹೊರಬದಿಯಲ್ಲಿ ಮಾತ್ರ ಮೊಳದಗಲದ ಪಟ್ಟಿಯೊಂದನ್ನು ಯಾರೋ ಗುಡಿಸಿದ್ದಾರೆ, ಲಕಲಕ ಎನ್ನುತ್ತಿದೆ! ತಿರುವಿನ ಒಳಬದಿ ಕಡಿದಾಗಿರುತ್ತದೆ, ಹೊರಬದಿಯಲ್ಲಿ ಏರು ಕಡಿಮೆ. ದಣಿದ ಸೈಕಲ್ ಸವಾರರು ಹೊರಬದಿಯನ್ನೇ ಹಿಡಿಯುತ್ತಾರೆ. ಲಾರಿಯವರಿಗೆ ಆ ಗೊಡವೆಯೇ ಇಲ್ಲ.

ನಾಲ್ಕನೆಯದರಲ್ಲೂ ಹಾಗೆಯೇ. ಐದರಲ್ಲೂ...

ಏಳನೆಯ ತಿರುವಿನಲ್ಲಿ ನರೆತ ಕೂದಲಿನ ಕೆಲಸದಾಕೆಯೊಬ್ಬಳು ನೀರು ಕುಡಿಯುತ್ತ ಕೂತಿದ್ದಳು.

"ಇದನ್ನ ಗುಡಿಸಿದ್ದು ನೀವಾ, ಅಕ್ಕ?"

"ನನಗೇನು ಹುಚ್ಚಾ ತಾಯಿ? ನಮ್ಮ ಸರ್ವೇಯರಪ್ಪ! ಬಂದ ದಿನದಿಂದ ಬೆಳಗಾದ್ರೆ ಪೊರಕೆ ಹಿಡೀತಾನೆ. ಸೈಕಲ್ಲಿನೋರು ಯಾರೇ ಬಂದ್ರೂ ಜಾರಬಾರದಂತೆ. ಆಗ್ಲೇ ನಾಲ್ಕು ಜನ ಹತ್ತಿ ಹೋದ್ರು. ಹೊರಬದೀನೇ ಯಾಕಪ್ಪಾ ಅಂದ್ರೆ, 'ನಮ್ಮನೆಯವಳು ಹೇಳಿದಾಳೆ' ಅಂದ!" ಆಕೆ ನಕ್ಕಳು. "ಪಾಪ, ಹೆಂಡತಿ ಅಂದ್ರೆ ಅಷ್ಟು ಭಯ!"

ಅವಳ ಕಣ್ಣು ತುಂಬಿತು. ಎಂದೋ ಒಂದು ಸಂಜೆ, ಮಾತಿನ ನಡುವೆ, ದಣಿದಾಗ ತಿರುವಿನಲ್ಲಿ ತಾನು ಹೊರಬದಿ ಹಿಡಿಯುವುದನ್ನು ಒಂದೇ ಒಂದು ಸಲ ಹೇಳಿದ್ದು...

ನೆತ್ತಿ ತಲುಪಿದಾಗ ಮಧ್ಯಾಹ್ನ. ಸುತ್ತ ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಅವನು ದೂರದ ಬಂಡೆಯ ಮೇಲೆ ಕೂತಿದ್ದ. ಹೇಳಿದಂತೆ, ಹತ್ತಿರ ಬರಲಿಲ್ಲ. ಅವಳೇ ಹೋದಳು.

"ಅವತ್ತು... ಕೇಳಿಸ್ಕೊಂಡಿದ್ಯಾ?"

"ಎಲ್ಲಾನೂ."

"ಒಂದು ಮಾತಾದ್ರೂ ಆಡಬಾರದಿತ್ತಾ?"

"ಸೈಕಲ್ ವಿಷಯ ಹೇಳುವಾಗ ನಿನ್ನ ಮುಖ ಹೇಗಾಗುತ್ತೆ ಗೊತ್ತಾ? ನಡುವೆ ಬಾಯಿ ಹಾಕೋಕೆ ಮನಸ್ಸೇ ಬರಲ್ಲ."

"ಗುಡಿಸಿದ್ದು ನೀನಾದ್ರೂ ಬೆಟ್ಟ ಹತ್ತಿದ್ದು ನಾನು!"

"ಗುಡಿಸಿದ್ರೆ ಏರು ತಗ್ಗುತ್ತಾ? ಹತ್ತಿದ್ದು ನೀನೇ."

ಅವಳು ಅಳುತ್ತಲೇ ನಕ್ಕಳು. "ಆ ಕಡೆ ಇಳಿಯೋದೂ ನಾನೊಬ್ಬಳೇ."

"ಗೊತ್ತು."

"ಬರೋ ತಿಂಗಳು ಮದುವೆ. ಅದಕ್ಕೆ ಮಾತ್ರ... ನೀನೂ ಜೊತೆಗೆ ಬಾ."

ಅವನು ಬಂಡೆಯ ಮೇಲೆ ಸರಿದು ಜಾಗ ಮಾಡಿದ. ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಚಮಚವನ್ನು ಅಂಗಿಯ ತುದಿಗೆ ಒರೆಸಿ, ಅವಳ ಕೈಗಿಟ್ಟ.