ಚರ್ಚಾಕೂಟದ ಗಂಟೆ

ಊರ ಶಾಲೆಯಲ್ಲಿ ರೇಡಿಯೋ ಕೇಳಿ ಮಾತಾಡುವ ಕೃಷಿ ಚರ್ಚಾಕೂಟ ಮುಗಿಸಿ ಗದ್ದೆಗೆ ಬಂದ ಕರಿಯಪ್ಪ ಟಾರ್ಚು ಬಿಟ್ಟ. ಭತ್ತ ನೆಲ ಕಚ್ಚಿತ್ತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಹೊಸ ತಳಿಯ ಪ್ರಯೋಗಕ್ಕೆ ಅವನು ಬಿಟ್ಟಿದ್ದ ತುಂಡು ಗದ್ದೆ. ಮರುದಿನವೇ ಫಾರಂನ ಅಧಿಕಾರಿ ನೋಡಲು ಬರುವವರಿದ್ದರು. ಗದ್ದೆಯ ನಡುವೆ ಲಿಂಗಯ್ಯನ ಎಮ್ಮೆಗಳು ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು.

ಬೆಳಗಾಗುತ್ತಲೇ ಬಂದ ಮದ್ದೂರಿನ ಸಬ್ ಇನ್ಸ್‌ಪೆಕ್ಟರ್ ಸಿದ್ದರಾಮುಗೆ ಇದು ಸಲೀಸಾದ ಕೇಸು. ಲಿಂಗಯ್ಯನಿಗೂ ಕರಿಯಪ್ಪನಿಗೂ ನೀರಿನ ಜಗಳ. ಕೂಟಕ್ಕೆ ಬಾರದವನೂ ಅವನೊಬ್ಬನೇ.

"ನಾನ್ ಬುಡ್ಲಿಲ್ಲ ಸಾಮಿ. ಯಾರೋ ಅಗ್ಗ ಬಿಚ್ಚವ್ರೆ."

ಸಿದ್ದರಾಮು ಲಿಂಗಯ್ಯನ ಕೆನ್ನೆಗೆ ಒಂದು ಬಿಟ್ಟು ಜೀಪು ಹತ್ತಿಸಿದರು. ನಾಳೆ ಮಂಡ್ಯದ ಕೋರ್ಟಿಗೆ ಹಾಜರು.

* * *

ಸ್ಟೇಷನ್ನಿಗೆ ಲಿಂಗಯ್ಯನ ಹೆಂಡತಿ ಬೆಳ್ಳಮ್ಮ ಬಂದಳು. ಅಳಲಿಲ್ಲ.

"ಕದ್ದು ಮೇಯ್ಸೋನು ಎಮ್ಮೆಗಳ್ನ ಅಲ್ಲೇ ಬುಟ್ಟು ಮನೇಲಿ ಮಲೀಕತಾನಾ ಸಾಮಿ?"

ಸಿದ್ದರಾಮು ಹೊಡೆದ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು.

ಮತ್ತೆ ಗದ್ದೆಗೆ ಹೋದರು. ಫಾರಂನ ಅಧಿಕಾರಿ ತಿರುನಾರಾಯಣ ಅಲ್ಲೇ ಇದ್ದರು. ಮೂಲೆಯಲ್ಲಿ ಉಳಿದಿದ್ದ ಭತ್ತದ ಪೈರು ಅವರ ಎದೆಮಟ್ಟ ಬರುತ್ತಿತ್ತು.

"ಇದು ನಮ್ಮ ತಳಿ ಅಲ್ಲ ಸಾರ್. ನಮ್ಮದು ಗಿಡ್ಡ. ಸೊಂಟ ದಾಟೋದಿಲ್ಲ."

"ಬೀಜ ತಂದವರು ಯಾರು?"

"ಅನಂತರಾಮು ಮೇಷ್ಟ್ರು. ಚರ್ಚಾಕೂಟದ ಸಂಚಾಲಕರು."

ಆದರೆ ಮೇಷ್ಟ್ರು ಕೂಟದಲ್ಲಿ ಮೊದಲಿನಿಂದ ಕೊನೆಯವರೆಗೂ ಕೂತಿದ್ದರು. ಅದಕ್ಕೆ ಇಡೀ ಊರೇ ಸಾಕ್ಷಿ.

* * *

ಸಂಜೆ ಶಾಲೆಯ ಜಗುಲಿಯಲ್ಲಿ ಎಲ್ಲರನ್ನೂ ಸೇರಿಸಿದರು. ಲಿಂಗಯ್ಯನನ್ನೂ ಕರೆತಂದಿದ್ದರು.

"ನಿನ್ನೆ ಏನು ಮಾತಾಡಿದ್ರಿ?"

"ಸುರು ಯೂರಿಯಾದಿಂದ ಸಾ" ಎಂದ ಪುಟ್ಟರಾಜು. "ಆಮೇಲೆ ನಮ್ ಮಾವನ ಮಂಡಿನೋವು, ನಿಡಘಟ್ಟದತ್ರ ಕೆಟ್ ನಿಂತಿದ್ ಬಸ್ಸು..."

"ಬಸ್ಸಲ್ಲ ಕಣ್ಲಾ, ಲಾರಿ" ಎಂದ ಅಂಕಯ್ಯ.

ಮುಗಿಯಿತು. ಲಾರಿಯಿಂದ ಡ್ರೈವರಿಗೆ, ಡ್ರೈವರಿನಿಂದ ಅವನ ಎರಡನೇ ಹೆಂಡತಿಗೆ ಮಾತು ಜಾರಿತು. ಅನಂತರಾಮು ಕೈ ತಾನಾಗಿ ಹಿತ್ತಾಳೆ ಗಂಟೆಯತ್ತ ಹೋಯಿತು. ವಿಷಯ ಬಿಟ್ಟವರಿಗೆ ಗಂಟೆ ಬಾರಿಸುವುದು ಅವರ ಕಟ್ಟುನಿಟ್ಟಿನ ಪದ್ಧತಿ.

"ಬಾರಿಸಿ ಮೇಷ್ಟ್ರೇ" ಎಂದರು ಸಿದ್ದರಾಮು. "ನಿನ್ನೆ ಯಾಕೆ ಬಾರಿಸಲಿಲ್ಲ?"

ಅನಂತರಾಮು ಕೈ ಹಿಂದಕ್ಕೆ ಎಳೆದುಕೊಂಡರು, ಸಿದ್ದರಾಮು ಮುಂದುವರಿಸಿದರು.

"ಗದ್ದೇಲಿ ಇದ್ದದ್ದು ಬೇರೆ ಭತ್ತ. ಇವತ್ತು ಅಧಿಕಾರಿ ನೋಡಿದ್ರೆ ಗೊತ್ತಾಗ್ತಿತ್ತು. ಕೂಟಕ್ಕೆ ಬರೋ ಮುಂಚೆ ಲಿಂಗಯ್ಯನ ಎಮ್ಮೆಗಳ ಹಗ್ಗ ಬಿಚ್ಚಿ, ಬೇಲಿ ಸರಿಸಿ ನುಗ್ಗಿಸಿದ್ರಿ. ಆಮೇಲೆ ಬೇಕಿದ್ದದ್ದು ಅವು ಮೇಯೋಷ್ಟು ಹೊತ್ತು. ಕರಿಯಪ್ಪ ಕೂಟದಿಂದ ಏಳಬಾರದು. ಮಾತು ಎಲ್ಲಿಗೆ ಹೋದರೂ ಬಿಟ್ಟುಬಿಟ್ರಿ."

ಅನಂತರಾಮು ತಲೆ ತಗ್ಗಿಸಿದರು. "ಫಾರಂನ ಬೀಜ ಶಾಲೆ ಕೋಣೆಲಿ ಇಟ್ಟಿದ್ದೆ. ಸೂರು ಸೋರಿ ಮೊಳಕೆ ಬಂತು. ಹೇಳೋಕೆ ನಾಚಿಕೆ. ಮನೆ ಭತ್ತ ಕೊಟ್ಟೆ. ಲಿಂಗಯ್ಯನ್ನ ಎಳ್ಕೊಂಡು ಹೋದಾಗಲೂ ಬಾಯಿ ಬಿಡಲಿಲ್ಲ."

ಮೇಷ್ಟ್ರು ಹೀಗೆ ಕೂತಿದ್ದನ್ನು ನೋಡಲಾರದೆ ಕರಿಯಪ್ಪ ಮುಖ ತಿರುಗಿಸಿದ. "ಓಗ್ಲಿ ಬುಡಿ ಸಾ. ಈ ಸಲ ನಾಲೆ ನೀರು ಯಾವಾಗ ಬುಡ್ತಾರಂತೆ?"

"ಮುಂದಿನ ವಾರ ಅಂತಾವ್ರೆ" ಎಂದ ಪುಟ್ಟರಾಜು, ಬೇಗ. ಅಂಕಯ್ಯನೂ ಬಾಯಿ ಹಾಕಿದ. ಮಾತು ನಾಲೆಯ ಜಾಡು ಹಿಡಿಯಿತು. ಅದು ಅವರಿಗೆ ಗೊತ್ತಿದ್ದ ಕರುಣೆ.

ಅನಂತರಾಮು ಗಂಟೆ ಬಾರಿಸಿದರು.

"ವಿಷಯಕ್ಕೆ ಬನ್ನಿ" ಎಂದರು. ಎದ್ದು ಲಿಂಗಯ್ಯನ ಮುಂದೆ ಹೋಗಿ ನಿಂತರು. ಅವನ ಕೆನ್ನೆ ಇನ್ನೂ ಊದಿತ್ತು.